ಬೀಗರು ಎದ್ದು ಹೋದ ಮೇಲೆ

ಅತ್ತಿ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆಕೆಯ ಕಿವಿ, ಮುಖ ಆಮೇಲೆ. ಎಳೆಯ ವಯಸ್ಸಿನಿಂದ ತೂಕದ ಓಲೆ ಹಾಕಿ ಹಾಕಿ ಎರಡೂ ಹಾಲೆಗಳು ಜೋತುಬಿದ್ದಿದ್ದವು. ಎಡಗಿವಿಯದಂತೂ ಹರಿದು, ಹೊಲಿಸಿದ ಮೇಲೆ ಮತ್ತೆ ಹರಿದು, ಎರಡು ತುಂಡಾಗಿ ನೇತಾಡುತ್ತಿತ್ತು. ಯಾರಾದರೂ ಮುಖ್ಯವಾದ ಮಾತು ಹೇಳುತ್ತಿದ್ದಾರೆ ಎನಿಸಿದರೆ ಆಕೆ ಆ ಎರಡು ತುಂಡುಗಳನ್ನು ಬೆರಳ ನಡುವೆ ಹಿಡಿದು ಒಂದು ಮಾಡಿಕೊಂಡು ಕೂಡುತ್ತಿದ್ದಳು. ಯಾಕೆ ಎಂದು ಕೇಳಿದರೆ, “ಸೋರಿ ಹೋಗಬಾರದಲ್ಲೋ” ಎನ್ನುತ್ತಿದ್ದಳು.

ಆಕೆ ನಮ್ಮಪ್ಪನ ಅಕ್ಕ. ಚಿಪ್ಪಗಿರಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಆಂಧ್ರದ ಗಡಿಸೀಮೆಯ ಆದವಾನಿಗೆ ಸೊಸೆಯಾಗಿ ಬಂದವಳು. ಆಮೇಲೆ ಅಪ್ಪನೂ ಅಲ್ಲಿಗೇ ಬಂದು ನೆಲೆಸಿದ; ನಮ್ಮ ಮನೆಯ ಬೆನ್ನಿಗೇ ಆಕೆಯ ಮನೆ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ ಅರ್ಧ, ಆಕೆಯ ಪಡಸಾಲೆಯಲ್ಲಿ ಅರ್ಧ. ಶಾಲೆಯ ಅರ್ಧ ಬರೆಯುವುದಕ್ಕೆ ಬಂತು, ಪಡಸಾಲೆಯದು ಬದುಕುವುದಕ್ಕೆ.

ನಮ್ಮ ಕಡೆ ಗಂಡಿನವರು ಹೆಣ್ಣು ನೋಡಿ ಹೋದ ಮೇಲೆ ಹೆಣ್ಣಿನವರು ಒಂದು ದಿನ ಗಂಡಿನ ಮನೆ ನೋಡಿ ಬರುವುದುಂಟು. ಒಂದು ಗಾಡಿಯಲ್ಲಿ ಹಿಡಿಸಲಾರದಷ್ಟು ಮಂದಿ ಹತ್ತಿ ಹೋಗುತ್ತಾರೆ. ಗೋಡೆ, ಮಾಳಿಗೆ, ಬೋರು ಎಲ್ಲಾ ನೋಡಿ, ಉಗ್ಗಾನಿ-ಬಜ್ಜಿ ತಿಂದು, ಚಹಾ ಕುಡಿದು, “ಹೇಳಿ ಕಳಸ್ತೀವ್ರಿ” ಎಂದು ಎದ್ದು ಬರುತ್ತಾರೆ. ನಮ್ಮ ಬಳಗದಲ್ಲಿ ಅತ್ತಿಯಿಲ್ಲದೆ ಆ ಗಾಡಿ ಹೊರಡುತ್ತಿರಲಿಲ್ಲ. ಆದರೆ ಹೋದಲ್ಲಿ ಆಕೆ ಏನನ್ನೂ ನೋಡುತ್ತಿರಲಿಲ್ಲ. ಒಂದು ಮೂಲೆ ಹಿಡಿದು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದಳು. ಏಳುವಾಗ ಸೊಂಟದ ಸಂಚಿಯನ್ನು ಮೆಲ್ಲಗೆ ಬಿಚ್ಚಿ ಚಾಪೆಯ ಅಂಚಿಗೆ ತಳ್ಳಿಬಿಡುತ್ತಿದ್ದಳು. ಗಾಡಿ ಓಣಿಯ ತಿರುವು ದಾಟುತ್ತಲೇ ಸೊಂಟ ತಡವಿಕೊಂಡು, “ಅಯ್ಯ, ನನ್ನ ಸಂಚಿ ಬಿಟ್ಟುಬಂದೆ, ನಿಲ್ಲಸಪ್ಪ” ಎನ್ನುತ್ತಿದ್ದಳು. ಡ್ರೈವರ್ ತಂದುಕೊಡುತ್ತೇನೆಂದರೂ ಕೇಳುತ್ತಿರಲಿಲ್ಲ. ತಾನೇ ಇಳಿದು ಹಿಂದಕ್ಕೆ ನಡೆದು, ಆ ಮನೆಯ ಬಾಗಿಲ ಹೊರಗೆ ಒಂದು ಗಳಿಗೆ ನಿಂತು, ಆಮೇಲೆ ಕೆಮ್ಮಿ ಒಳಗೆ ಹೋಗುತ್ತಿದ್ದಳು. ಸಂಬಂಧ ಆಗಬೇಕೋ ಬೇಡವೋ ಎಂಬುದು ಆ ಗಳಿಗೆಯಲ್ಲಿ ತೀರ್ಮಾನವಾಗುತ್ತಿತ್ತು.

“ಎದುರಿಗೆ ಎಲ್ಲಾರೂ ಚಲೋ ಮಂದೀನ ಅಳ್ಯಾ,” ಎಂದು ಒಮ್ಮೆ ನನಗೆ ಬಿಡಿಸಿ ಹೇಳಿದ್ದಳು. “ಬೀಗರು ಎದ್ದು ಹೋದ ಮ್ಯಾಲ ಏನ್ ಮಾತಾಡ್ತಾರ ಅದು ಮನಿ. ಹೋದವ್ರನ್ನ ಆಡಿಕೊಂಡು ನಗೋ ಮನ್ಯಾಗ ನಾಳೆ ನಮ್ಮ ಹುಡುಗಿ ಒಬ್ಬಾಕೀನ ಇರ್ತಾಳ. ಆಕಿ ನೀರಿಗೆ ಹೋದಾಗೂ ಹಂಗ ನಗ್ತಾರ.”

ನಮ್ಮ ಅಕ್ಕನಿಗೆ ಆದವಾನಿಯಲ್ಲೇ ಒಂದು ದೊಡ್ಡ ಹತ್ತಿ ವ್ಯಾಪಾರದ ಮನೆಯಿಂದ ಸಂಬಂಧ ಬಂದಿತ್ತು. ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಮನೆ ನೋಡಿ ಬರುವಾಗ ಅತ್ತಿ ಸಂಚಿ ಮರೆತಳು, ಹಿಂದಕ್ಕೆ ಹೋದಳು. ಅಲ್ಲಿ ನಾವು ಎದ್ದ ಕೂಡಲೇ ಕನ್ನಡ ಮುಗಿದು ತೆಲುಗು ಶುರುವಾಗಿತ್ತಂತೆ. “ಏಂ ತಿನ್ನಾರಮ್ಮಾ ಬಜ್ಜೀಲು, ಎಪ್ಪುಡೂ ಚೂಡನಟ್ಟು” ಎಂದು, ಎಂದೂ ಕಾಣದವರ ಹಾಗೆ ಬಜ್ಜಿ ತಿಂದರೆಂದು, ಒಳಗೆ ನಗುವೋ ನಗು. ಅತ್ತಿ ಬೇಡವೆಂದಳು. ಅಪ್ಪ ಸಿಡಿದುಬಿದ್ದ.

“ಒಂದು ಬಜ್ಜಿ ಮಾತಿಗೆ ಇಂಥಾ ಸಂಬಂಧ ಬಿಡ್ತಾರೇನಕ್ಕ?”

“ತಿಂದಿದ್ದು ಖರೆ ಐತಿ. ನೀನ ಎಲ್ಲಾರಕಿಂತ ಜಾಸ್ತಿ ತಿಂದಿ. ಅದಕ್ಕ ನನಗ ಸಿಟ್ಟಿಲ್ಲ. ‘ಇನ್ನೊಂದು ಹಾಕ್ಕೋರಿ, ನಾಚ್ಕೋಬ್ಯಾಡ್ರಿ’ ಅಂತ ಬಡಸಿದಾಕೀನ ಆ ಮಾತು ಅಂದಾಕಿ.”

ಊರವರ ಹೆಣ್ಣುಮಕ್ಕಳಿಗೆಲ್ಲ ಹೀಗೆ ಕಿವಿಯಾದ ಅತ್ತಿ ತನ್ನ ಒಬ್ಬಳೇ ಮಗಳ ಮದುವೆಯಲ್ಲಿ ಮಾತ್ರ ಸಂಚಿ ಮರೆಯಲಿಲ್ಲ. ಕೊಟ್ಟದ್ದು ಗಂಡನ ತಂಗಿಯ ಮಗನಿಗೆ. ತಾನು ದಿನವೂ ಹೋಗಿ ಬರುವ ಮನೆ, ಹೊಕ್ಕುಬಳಕೆಯ ಮಂದಿ. ನಮ್ಮವರನ್ನು ನಾವೇ ಬಾಗಿಲ ಹೊರಗೆ ನಿಂತು ಕೇಳುವುದೇನು ಎಂದುಕೊಂಡಳು. ನಮ್ಮಲ್ಲಿ ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ. ಹೊರಗಿನ ಸಂಬಂಧವನ್ನು ತಿರುವಿ ಮುರುವಿ ನೋಡುತ್ತಾರೆ, ಒಳಗಿನದಕ್ಕೆ ಕಣ್ಣು ಮುಚ್ಚಿ ಅಕ್ಷತೆ ಹಾಕುತ್ತಾರೆ. ಮಗಳು ಕೆಲವು ವರ್ಷಗಳಲ್ಲಿ ಕಂಕುಳಲ್ಲೊಂದು ಹೆಣ್ಣುಕೂಸು ಎತ್ತಿಕೊಂಡು ವಾಪಸು ಬಂದಳು. ಏನಾಯಿತೆಂದು ಕೇಳಿದವರಿಗೆ, “ಹೊಡದಿಲ್ಲ, ಬಡದಿಲ್ಲ. ಆಡಿಕೊಂಡು ನಕ್ಕು ನಕ್ಕು ಇಟ್ರು” ಎಂದಷ್ಟೇ ಹೇಳಿದಳು. ಆಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ಕೂಸೇ ರೇಣುಕಾ. ಈಗ ಆದವಾನಿಯ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ.

ನಾನು ಹೊಟ್ಟೆಪಾಡಿಗೆ ಅನುವಾದಕ. ಬಳ್ಳಾರಿಯ ಒಂದು ಪತ್ರಿಕೆಗೆ ಹೊರದೇಶದ ಸುದ್ದಿಗಳನ್ನು ಕನ್ನಡ ಮಾಡಿ ಕಳಿಸುತ್ತೇನೆ. ನಮ್ಮ ಮನೆ ಮುಂದೆ ಹತ್ತಿ ಜಿನ್ನಿಂಗ್ ಮಿಲ್ಲಿನ ಲಾರಿಗಳ ಗದ್ದಲ. ಅದಕ್ಕೆ ಲ್ಯಾಪ್‌ಟಾಪು ಹಿಡಿದು ಅತ್ತಿಯ ಪಡಸಾಲೆಗೆ ಬಂದು ಕೂಡುತ್ತಿದ್ದೆ. ಯಾವ ದೇಶದಲ್ಲಿ ಯಾರು ಏನಂದರೂ ಅವೇ ನಾಲ್ಕು ಮಾತಿನಲ್ಲಿ ಬರೆದು ಬರೆದು ಬೇಸತ್ತುಹೋಗಿದ್ದ ಕಾಲ ಅದು. ಆ ವಾರ ಒಂದು ದೊಡ್ಡ ದೇಶದ ಅಧ್ಯಕ್ಷ ಪದವಿಗೆ ನಿಂತ ಅಭ್ಯರ್ಥಿಯೊಬ್ಬ ಚುನಾವಣೆಗೆ ಮೊದಲು ಪರದೇಶ ಸುತ್ತಲು ಹೊರಟಿದ್ದ. ಆತ ಹೋದ ಕಡೆಯ ಪತ್ರಿಕೆಗಳು ಏನೆನ್ನುತ್ತವೆ, ಅರ್ಧ ಪುಟ ಕೊಡಿ ಎಂದು ಸಂಪಾದಕರ ಫೋನು ಬಂತು.

ಅತ್ತಿ ಪರದೆಯ ಮೇಲಿನ ಚಿತ್ರ ನೋಡಿ, “ಯಾರಂವ, ಮದುಮಗನ ಹಂಗ ಕೈ ಬೀಸಾಕ ಹತ್ಯಾನ?” ಎಂದಳು. ಹೇಳಿದೆ. ಆಗಲೇ ಆಕೆಗೆ ಯಾವ ಮಾತನ್ನೂ ಎರಡು ಸಲ ಹೇಳಬೇಕಾಗುತ್ತಿತ್ತು. ಎದುರಿಗೆ ಕೂತವರ ತುಟಿ ನೋಡಿಕೊಂಡು ನಿಭಾಯಿಸುತ್ತಿದ್ದಳು. ವಯಸ್ಸಾಯಿತು, ಸ್ವಲ್ಪ ಮಂದ ಎಂದುಕೊಂಡಿದ್ದೆವು ಅಷ್ಟೆ.

“ಅವಗ ಆ ಊರಾಗ ಓಟು ಅದಾವೇನು?”

“ಇಲ್ಲತ್ತಿ.”

“ಆಂ?”

“ಇಲ್ಲ ಅಂದೆ.”

“ಮತ್ತ ಓಟಿಲ್ಲದ ಊರಿಗೆ ಯಾಕ ಹೋದ?”

“ಹೊರಗಿನವ್ರು ಹೆಂಗ ಮರ್ಯಾದಿ ಕೊಟ್ರು ನೋಡ್ರಿ ಅಂತ ತಮ್ಮೂರವ್ರಿಗೆ ತೋರ್ಸಾಕ.”

“ಹಂಗನ್ನು. ನಮ್ಮ ಮಂದಿ ಬಾಡಿಗಿ ಕಾರು ಮಾಡ್ಕೊಂಡು ಬೀಗರ ಮನಿಗೆ ಹೋದಂಗ.” ಅಡಿಕೆ ಕತ್ತರಿಸುತ್ತ ಮತ್ತೆ ಕೇಳಿದಳು. “ಆ ಊರವ್ರು ಏನಂದ್ರು?”

ನಾನು ಅನುವಾದ ಮಾಡಿದ್ದನ್ನು ಓದಿದೆ. ಭೇಟಿ ಫಲಪ್ರದ, ಮಾತುಕತೆ ಸೌಹಾರ್ದಯುತ, ಜನಸಾಗರ.

“ಇದು ಅಂವ ಅಲ್ಲಿದ್ದಾಗ ಅಂದಿದ್ದೋ, ಹೋದ ಮ್ಯಾಲ ಅಂದಿದ್ದೋ?”

“ಇದ್ದಾಗ.”

“ಯಾವ ಭಾಷಿಯೊಳಗ?”

“ಇಂಗ್ಲಿಷಿನ್ಯಾಗ.”

“ಆ ಮಂದಿ ತಮ್ಮ ಮನ್ಯಾಗ ಇಂಗ್ಲಿಷ್ ಆಡ್ತಾರೇನು?”

ಇಲ್ಲವೆಂದೆ. ಅತ್ತಿ ಸುಣ್ಣದ ಡಬ್ಬಿ ಹುಡುಕತೊಡಗಿದಳು.

ಹುಡುಕಿದೆ ನಾನೂ. ಅಭ್ಯರ್ಥಿ ವಿಮಾನ ಹತ್ತಿದ ಮರುದಿನದ ಪತ್ರಿಕೆಗಳನ್ನು, ಅವರವರ ಭಾಷೆಯವನ್ನು, ಫೋನಿನಿಂದಲೇ ಅಷ್ಟಿಷ್ಟು ಇಂಗ್ಲಿಷ್ ಮಾಡಿಸಿ ಓದಿದೆ. ರಸ್ತೆ ಮುಚ್ಚಿದ್ದಕ್ಕೆ ಒಬ್ಬರು ಬೈದಿದ್ದರು. ಕೈಕುಲುಕಿದ ಪ್ರಧಾನಿ ಆಮೇಲೆ ಅಂಗೈ ಒರೆಸಿಕೊಳ್ಳುವ ವ್ಯಂಗ್ಯಚಿತ್ರ ಇನ್ನೊಂದರಲ್ಲಿ. ಮತ್ತೊಂದು ಪತ್ರಿಕೆ ಆತನನ್ನು ಹವಾಮಾನದ ಪಕ್ಕ ಚಿಕ್ಕದಾಗಿ ಹಾಕಿ ಮುಗಿಸಿತ್ತು. ಒಬ್ಬ ಅಂಕಣಕಾರ ಮಾತ್ರ, ಊಟವಾದ ಮೇಲೆ ಆತ ಕ್ಯಾಮೆರಾ ಇಲ್ಲದ ಕಡೆ ಹೋಗಿ ಅಡುಗೆಯವರನ್ನು ಮಾತಾಡಿಸಿದ ಎಂದು ಬರೆದಿದ್ದ. ಎಲ್ಲವನ್ನೂ ಹಾಕಿ ಕಳಿಸಿದೆ. ಸಂಪಾದಕರು ಫೋನ್ ಮಾಡಿದರು: “ಓದೋರಿಗೆ ಒಂದು ಮಾತು ಸಾಕ್ರಿ. ಹೊಗಳಿದ್ರೋ, ತೆಗಳಿದ್ರೋ? ಇದೇನಿದು, ಒಂದೊಂದು ಮನ್ಯಾಗ ಒಂದೊಂದು?” ಬೆಳಿಗ್ಗೆ ‘ವಿದೇಶಗಳಲ್ಲಿ ಭರ್ಜರಿ ಸ್ವಾಗತ’ ಎಂಬ ತಲೆಬರಹದ ಕೆಳಗೆ ನನ್ನದು ಕಾಲು ಪುಟವಾಗಿ ಬಂದಿತ್ತು. ಸಿಟ್ಟು ಬರುವಷ್ಟು ಕಸುವೂ ಇರಲಿಲ್ಲ. ಪೇಪರು ಮಡಿಚಿಟ್ಟೆ.

ಆ ದಿನವೇ ನಾವು ರೇಣುಕಾಳಿಗೆ ಬಂದ ಸಂಬಂಧದ ಮನೆ ನೋಡಲು ಮದ್ದಿಕೇರದ ಕಡೆಯ ಹಳ್ಳಿಗೆ ಹೋದದ್ದು. ಹುಡುಗನದು ಬೋರಿನ ಮೋಟಾರು ರಿಪೇರಿ ಅಂಗಡಿ. ಮನೆ ನಡೆಸುವವಳು ಅವನ ಅಣ್ಣನ ಹೆಂಡತಿ, ಅವನು ತೆಲುಗಿನಲ್ಲಿ ವದಿನಾ ಎಂದು ಕರೆಯುವವಳು. ನಗುಮುಖ, ಚುರುಕು ಮಾತು. ಉಪಚಾರಕ್ಕೆ ಕಡಿಮೆಯಿರಲಿಲ್ಲ. ಅತ್ತಿಯ ಸೊಂಟ ಕೀಲು ಕಿತ್ತುಹೋದಂತಾಗಿತ್ತು, ಬರಬೇಡವೆಂದರೂ ಬಂದಿದ್ದಳು. ವಾಪಸು ಬರುವಾಗ ತಿರುವಿನಲ್ಲಿ ಸೊಂಟ ತಡವಿದಳು. ಇಳಿದಳು. ಒಂದೊಂದೇ ಹೆಜ್ಜೆ ಇಡುತ್ತ ಹೋದಳು. ಬರಲು ಬಹಳ ಹೊತ್ತಾಯಿತು.

“ಸಂಚಿ ಸಿಕ್ತೇನಮ್ಮ?” ಎಂದು ಮಗಳು ಕೇಳಿದಳು. ಅತ್ತಿ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಹೂಂ ಎಂಬಂತೆ ತಲೆಯಾಡಿಸಿದಳು.

“ಏನಂದ್ರು?”

“ನಾಳೆ ಹೇಳ್ತೀನಿ. ಸಾಕಾಗೈತಿ.”

ಮಗಳ ಮುಖ ನೋಡಲಾಗಲಿಲ್ಲ. ತನಗಾದದ್ದು ತನ್ನ ಮಗಳಿಗೆ ಆಗಬಾರದು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಹೇಳಬಲ್ಲವಳು ಅತ್ತಿಯೊಬ್ಬಳೇ ಎಂದು ನಂಬಿದ್ದಳು.

ಬೆಳಿಗ್ಗೆ ಪಡಸಾಲೆಗೆ ಹೋದರೆ ಅತ್ತಿಯ ಬಾಯಿ ಆಡುತ್ತಿರಲಿಲ್ಲ. ಎಲೆಯಿಲ್ಲದ ಆ ಬಾಯಿ ನೋಡಿ ನನಗೆ ಭಯವಾಯಿತು.

“ಸಂಚಿ ಎಲ್ಲಿ ಅತ್ತಿ?”

“ಅಲ್ಲೇ ಐತಿ.” ನನ್ನ ಕಡೆ ನೋಡದೆ ಹೇಳಿದಳು. “ಬಾಗಲ ಹೊರಗ ನಿಂತೆ ಅಳ್ಯಾ. ಎಲ್ಲಾರ ಬಾಯೂ ಆಡಾಕ ಹತ್ತಿದ್ವು. ನಗಾಕೂ ಹತ್ತಿದ್ರು. ಒಂದು ಮಾತೂ ಕೇಳಿಸಲಿಲ್ಲ. ಒಳಗ ಹೋಗಿ ಎದುರಿಗೇ ನಿಂತೆ, ಆಗೂ ನಗಾಕ ಹತ್ತಿದ್ರು. ಯಾತಕ್ಕ ನಗ್ತಾರ ಅನ್ನೋದು ತಿಳೀಲಿಲ್ಲ. ಸಂಚಿ ಕಾಲಾಗ ಬಿದ್ದಿತ್ತು. ಎತ್ತಿಕೊಳ್ಳಾಕ ಮನಸ್ಸಾಗಲಿಲ್ಲ. ನೀರು ಕುಡದು ಬಂದುಬಿಟ್ಟೆ.”

ಕೈ ತನ್ನಷ್ಟಕ್ಕೇ ಎಡಗಿವಿಯ ತುಂಡುಗಳನ್ನು ಹಿಡಿದುಕೊಂಡಿತ್ತು.

“ಚಲೋ ಮಂದಿ ಅಂತ ಹೇಳಿಬಿಡ್ಲೇನು? ನಿಮ್ಮ ಪೇಪರಿನ್ಯಾಗ ಹೇಳ್ತೀರಲ್ಲ ಹಂಗ.”

ನನ್ನ ಉತ್ತರಕ್ಕೆ ಕಾಯದೆ ಆಕೆಯೇ ತಲೆಯಾಡಿಸಿದಳು.

“ಬ್ಯಾಡ. ಕೇಳದನ ಒಂದ್ಸಲ ಹೇಳೀನಿ. ನನ್ನ ಮಗಳು ಇನ್ನಾ ಅದನ್ನ ಉಣ್ಣಾಕ ಹತ್ಯಾಳ.” ಕಿವಿ ಬಿಟ್ಟು ನನ್ನ ಕಡೆ ತಿರುಗಿದಳು. “ನೀ ರೇಣುಕಾನ್ನ ಕರಕೊಂಡು ಹೋಗು. ಸಂಚಿ ತರ್ರಿ. ಆ ಮನ್ಯಾಗ ಇರಾಕಿ ಆಕಿ. ಕೇಳಾಕೀನೂ ಆಕೀನ ಆಗ್ಲಿ.”

ಮಗಳು ಒಪ್ಪಲಿಲ್ಲ. “ಮದಿವಿ ಮದ್ಲ ಹುಡುಗಿ ತಾನಾಗಿ ಆ ಮನಿಗೆ ಹೋದ್ರ ಮಂದಿ ಏನಂದಾರು ಅಮ್ಮ?”

“ಅನ್ಲಿ. ಏನಂತಾರ ಅಂತ ಕೇಳಾಕ ಹೊಂಟಾಳ.”

ಬಸ್ಸಿನಲ್ಲಿ ಹೋಗುವಾಗ ನನಗೊಂದು ಉಪಾಯ ಹೊಳೆಯಿತು. “ನಿನ್ನ ಫೋನು ರೆಕಾರ್ಡಿಂಗ್ ಹಾಕಿ ಅಲ್ಲೇ ಬಿಟ್ಟು ಬಂದ್ರ?” ಎಂದೆ.

“ಅದು ಕಳ್ಳತನ ಚಿಗಪ್ಪ.”

“ನಿಮ್ಮವ್ವ ಮಾಡಿದ್ದೇನು ಮತ್ತ?” ನಮ್ಮ ಕಡೆ ಅಜ್ಜಿಗೆ ಅವ್ವ ಎನ್ನುತ್ತೇವೆ.

“ಅವ್ವ ತಾನ ನಡಕೊಂಡು ಹೋಗಿ ನಿಲ್ತಿದ್ಲು. ಸಿಕ್ಕಿಬಿದ್ರ ಮುಖ ಕೊಡಾಕ ತಯಾರಿದ್ಲು. ಫೋನಿಗೆ ಮುಖ ಎಲ್ಲೈತಿ?”

ಬಸ್ಸಿಳಿದು ಆಟೊದಲ್ಲಿ ಊರು ಸೇರಿ ಆ ಮನೆಯ ಓಣಿ ಹಿಡಿದೆವು. ಹೇಳಿ ಕಳಿಸಿರಲಿಲ್ಲ. ಎದೆಮಟ್ಟದ ಗೋಡೆ, ಅದರಾಚೆ ಹತ್ತಿಕಡ್ಡಿಯ ಮೆದೆ. ಮೆದೆಯ ಮರೆಗೆ ಬರುತ್ತಲೇ ಅಂಗಳದ ನಗು ಕೇಳಿಸಿತು. ರೇಣುಕಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

ಹುಡುಗನ ಅಣ್ಣನ ಹೆಂಡತಿ ನಮ್ಮ ಅತ್ತಿಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಒಂದು ಕಾಲು ಎಳೆಯುತ್ತ ನಾಲ್ಕು ಹೆಜ್ಜೆ ಹಾಕಿ, ಕುತ್ತಿಗೆ ಚಾಚಿ, ಕಿವಿ ಹಿಡಿದು “ಆಂ?” ಎಂದಳು. ಎಲ್ಲರೂ ನಕ್ಕರು. ಹುಡುಗನೂ ಮೋಟಾರಿನ ತಂತಿ ಸುತ್ತುತ್ತ ನಕ್ಕ. ಎಷ್ಟು ಸರಿಯಾಗಿ ಮಾಡಿದಳೆಂದರೆ ನನಗೂ ಒಂದು ಕ್ಷಣ ಅತ್ತಿಯೇ ಬಂದಳೇನೋ ಎನ್ನಿಸಿತು. ಆಕೆ ಇನ್ನೊಮ್ಮೆ ಮಾಡಿದಳು. ಈ ಸಲ ಹುಡುಗ ನಗಲಿಲ್ಲ.

“ಸಾಕು ಬಿಡು ವದಿನಾ. ನಿನ್ನೆ ಆಕಿ ಎದುರಿಗೇ ಆಡಿಕೊಂಡ್ರಿ. ಪಾಪ, ಸುಮ್ನ ನಿಂತು ನಿಮ್ಮ ಮುಖ ನೋಡಾಕ ಹತ್ತಿದ್ಲು.”

“ಆಕಿಗೆಲ್ಲಿ ಕೇಳಸ್ತೈತಿ ಬಿಡೋ.”

“ಆಕಿಗೆ ಕೇಳಸೂದಿಲ್ಲ. ನನಗ ಕೇಳಸ್ತೈತಿ. ಆ ಸಂಚಿ ಇಲ್ಲಿ ಕೊಡು, ನಾಳೆ ಆದವಾನಿಗೆ ಹೋದಾಗ ಕೊಟ್ಟು ಬರ್ತೀನಿ.”

“ಅಬ್ಬಾ, ಇನ್ನಾ ಮದಿವಿ ಆಗಿಲ್ಲ, ಈಗ್ಲೇ ಅವ್ರ ಕಡೆ ಸೇರಿದಿ” ಎಂದಳು ಆಕೆ, ನಗುತ್ತಲೇ.

ನಾನು ಸದ್ದಿಲ್ಲದೆ ಹಿಂತಿರುಗೋಣವೆಂದೆ. ರೇಣುಕಾ ಅತ್ತಿಯ ಹಾಗೆಯೇ ಒಮ್ಮೆ ಕೆಮ್ಮಿ ಗೇಟು ತೆಗೆದಳು. “ನಮ್ಮವ್ವನ ಸಂಚಿ ತಗೊಂಡು ಹೋಗಾಕ ಬಂದೀವ್ರಿ” ಎಂದಳು. ಆ ಹೆಣ್ಣುಮಗಳು ಸೊಂಟದಿಂದ ಸಂಚಿ ಬಿಚ್ಚಿಕೊಡುವಾಗ ಗಂಟು ಬಿಗಿದು ಒದ್ದಾಡಿದಳು. ಹುಡುಗ ಅದನ್ನು ಇಸಿದುಕೊಂಡು, “ಒಂದು ನಿಮಿಷ ಕೂಡ್ರಿ” ಎಂದು ಹೊರಗೆ ಹೋದ. ಒಣಗಿದ ಎಲೆ ತೆಗೆದು ಅಂಗಡಿಯಿಂದ ಹಸಿ ಎಲೆ ತುಂಬಿಸಿಕೊಂಡು ಬಂದು ರೇಣುಕಾಳ ಕೈಗೆ ಕೊಟ್ಟ.

ಮನೆಗೆ ಬಂದ ಮೇಲೆ ತೊಡಕಾದದ್ದು ಬೇರೆ. ಇಂಥ ವರದಿಯನ್ನು ಪಿಸುಮಾತಿನಲ್ಲಿ ಹೇಳಬೇಕು. ಪಿಸುಮಾತು ಅತ್ತಿಯ ಕಿವಿಗೆ ಬೀಳದು. ರೇಣುಕಾ ಆಕೆಯ ಕಿವಿಗೆ ಬಾಯಿಟ್ಟು ಕೂಗಿಯೇ ಹೇಳಬೇಕಾಯಿತು. ಕಾಲು ಎಳೆದದ್ದು, ಕಿವಿ ಹಿಡಿದದ್ದು, ಎಲ್ಲವನ್ನೂ ಬಿಡದೆ. ಓಣಿಯ ಮಂದಿಯೆಲ್ಲ ಪಾತ್ರೆ ತೊಳೆಯುವುದನ್ನು ಬಿಟ್ಟು ಕೇಳಿದರು. ಅತ್ತಿಯ ಮಗಳು ಬಾಗಿಲಿಗೆ ಒರಗಿ ಸೆರಗು ಬಾಯಿಗೊತ್ತಿಕೊಂಡಿದ್ದಳು.

“ನಾ ಅಷ್ಟು ಕುಂಟ್ತೀನೇನು?” ಎಂದಳು ಅತ್ತಿ ಎಲ್ಲಾ ಕೇಳಿ.

“ಅದಕ್ಕಿಂತ ಜಾಸ್ತಿ ಅವ್ವ.”

ಅತ್ತಿ ಸಂಚಿ ಬಿಚ್ಚಿ, ಹಸಿ ಎಲೆ ಮುಟ್ಟಿ ನೋಡಿ, ಒಂದಕ್ಕೆ ಸುಣ್ಣ ಹಚ್ಚಿದಳು. ಇಷ್ಟು ವರ್ಷ ಎಷ್ಟೋ ಮನೆಗಳ ತೀರ್ಪು ಹೇಳಿದ ಬಾಯಿ ಅದು. ಎಲ್ಲರೂ ಕಾಯುತ್ತಿದ್ದೆವು.

“ಮತ್ತ ನೀ ಏನಂತಿ?” ಎಂದಳು ಮೊಮ್ಮಗಳಿಗೆ. ಯಾವ ಹುಡುಗಿಯನ್ನೂ ಆಕೆ ಹಾಗೆ ಕೇಳಿದ್ದು ನನಗೆ ನೆನಪಿಲ್ಲ.

“ಅಂವನೂ ಮದ್ಲ ನಕ್ಕ. ಆಮ್ಯಾಲ ಬ್ಯಾಡ ಅಂದ. ನಾವು ಕೇಳ್ತೀವಿ ಅಂತ ಗೊತ್ತಿರಲಾರದಾಗ ಅಂದ.”

“ಒಬ್ಬ ಅಂದ್ರ ಸಾಲ್ತೈತೇನು? ಉಳದವ್ರು ದಿನಾ ಆಡಿಕೊಂಡ್ರ?”

“ನನಗ ಕಿವಿ ಅದಾವಲ್ಲ. ಬಾಯೂ ಐತಿ.”

ಅತ್ತಿ ಬಹಳ ಹೊತ್ತು ಎಲೆ ಜಗಿದಳು. ಆಮೇಲೆ ಬಾಗಿಲಲ್ಲಿ ನಿಂತ ಮಗಳ ಕಡೆ ತಿರುಗಿ, “ನಿನಗ ಆ ಒಬ್ಬನೂ ಇದ್ದಿದ್ದಿಲ್ಲ” ಎಂದಳು. ಕ್ಷಮೆ ಕೇಳಿದಂತೆಯೂ ಇತ್ತು ಅದು, ಒಪ್ಪಿಗೆ ಕೊಟ್ಟಂತೆಯೂ ಇತ್ತು. ಮಗಳು ಒಳಗೆ ಹೋಗಿ ಒಲೆ ಹಚ್ಚಿದಳು.

ಮದುವೆಯಾಯಿತು. ಸಂಚಿ ಅದರ ನಂತರ ಅತ್ತಿಯ ಪಡಸಾಲೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಕರೆಯಲು ಬಂದವರಿಗೆ ಅತ್ತಿ, “ಹುಡುಗೀನ್ನ ಕರಕೊಂಡು ಹೋಗ್ರಿ, ಆಕಿ ಕಿವಿ ಚಲೋ ಇರ್ತಾವ” ಎಂದು ಹೇಳಿ ಕಳಿಸುತ್ತಿದ್ದಳು. ಸಾಕಾಗಿತ್ತು ಆಕೆಗೆ. ಮನೆಗಳನ್ನು ನೋಡಿ ಅಲ್ಲ, ಬಾಗಿಲ ಹೊರಗೆ ನಿಂತು ನಿಂತು.

ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ಮಧ್ಯಾಹ್ನ ಅತ್ತಿ ಕೂತಲ್ಲೇ ಹೋದಳು. ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಮನೆತುಂಬಾ ಕೂತಿದ್ದ ಬಂಧುಗಳಿಗೆ ಕೈ ಮುಗಿದು ನಾನು ಹೊರಟೆ. ಓಣಿಯ ತಿರುವಿನಲ್ಲಿ ಹೆಗಲು ತಡವಿಕೊಂಡು, “ಟವೆಲ್ಲು ಬಿಟ್ಟುಬಂದೆ, ನೀ ನಡಿ” ಎಂದೆ ಹೆಂಡತಿಗೆ. ಅವಳು ನನ್ನ ಮುಖ ನೋಡಿ, ಏನೂ ಕೇಳದೆ ನಡೆದಳು.

ಬಾಗಿಲ ಹೊರಗೆ ನಿಂತೆ. ಒಳಗೆ ಮೊದಲು ಪಾತ್ರೆಯ ಸದ್ದಷ್ಟೇ ಇತ್ತು. ಆಮೇಲೆ ಪಕ್ಕದ ಮನೆಯಾಕೆ, “ಇನ್ನ ನಾ ನಳದ ಹತ್ರ ಯಾರ ಜೊತಿ ಜಗಳಾಡ್ಲಿ” ಎಂದು ಗೊಣಗಿದಳು. ಆಗ ಮೂಲೆಯಿಂದ ಒಂದು ದನಿ: “ಆಂ?”

ಮದ್ದಿಕೇರದ ಕಡೆಯಿಂದ ಬಂದಿದ್ದ ಅದೇ ಹೆಣ್ಣುಮಗಳು, ರೇಣುಕಾಳ ವಾರಗಿತ್ತಿ. ಅದೇ ಚಾಚಿದ ಕುತ್ತಿಗೆಯ ದನಿ. ಒಳಗೆ ಪಾತ್ರೆಯ ಸದ್ದೂ ನಿಂತಿತು. ಆಮೇಲೆ ರೇಣುಕಾ ನಕ್ಕಳು. ಅವಳ ಹಿಂದೆ ಇನ್ನೊಂದು ನಗು, ಮೊದಲು ಬಿಕ್ಕಿದಂತೆ, ಆಮೇಲೆ ತಡೆಯಿಲ್ಲದೆ. ಯಾರದೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಆ ನಗು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅದು ಅತ್ತಿಯ ಮಗಳದು.

“ಇನ್ನೊಮ್ಮೆ ಮಾಡಕ್ಕ” ಎಂದಳು ರೇಣುಕಾ, ಅಳುತ್ತಲೋ ನಗುತ್ತಲೋ.

ಹೋದವರನ್ನು ಆಡಿಕೊಂಡು ನಗುವ ಮನೆ ಇದು. ಸಂಬಂಧ ಬೇಕೋ ಬೇಡವೋ, ಅತ್ತಿಯನ್ನೇ ಕೇಳಬೇಕಿತ್ತು. ಒಂದೊಂದು ಮಾತನ್ನೂ ಬಿಡದೆ ಕೂಗಿ ಹೇಳುತ್ತಿದ್ದೆ, ಓಣಿಗೆಲ್ಲ ಕೇಳಿದರೂ ಸರಿ. ಬಾಯಿಡಲು ಆ ಹರಿದ ಕಿವಿ ಇರಲಿಲ್ಲ. ಕೆಮ್ಮಲಿಲ್ಲ, ಒಳಗೆ ಹೋಗಲಿಲ್ಲ. ಟವೆಲ್ಲನ್ನು ಅಲ್ಲೇ ಬಿಟ್ಟು ಬಂದೆ.